ಒಂಬೈನೂರಕ್ಕೆ ಐನೂರ ಎಂಬತ್ತು

ಗುಬ್ಬಿಯಲ್ಲಿರುವ ನಮ್ಮ ಸೋದರಮಾವನಷ್ಟು ಬುದ್ಧಿವಂತರು ಇಡೀ ಜಿಲ್ಲೆಯಲ್ಲಿಲ್ಲ. ಹೀಗಂತ ಹೇಳುತ್ತಿರುವುದು ನಾನಲ್ಲ, ಅವರೇ! ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಆದರೆ ನಿವೃತ್ತಿ ಆಗಿದ್ದು ಅವರಿಗೆ ಮಾತ್ರ, ಅವರ ಕೆಂಪು ಪೆನ್ನಿಗಲ್ಲ. ಮನೆಗೆ ಲಗ್ನಪತ್ರಿಕೆ ಬಂದರೆ ಮೊದಲು ಕಾಗುಣಿತ ತಿದ್ದುತ್ತಾರೆ, ಆಮೇಲೆ ಮದುವೆಗೆ ಹೋಗುತ್ತಾರೆ. ಹೋದಾಗ ತಿದ್ದಿದ ಪತ್ರಿಕೆಯನ್ನು ಹೆಣ್ಣಿನ ಅಪ್ಪನ ಕೈಗೆ ಕೊಟ್ಟು, “ಇನ್ನೊಬ್ಬ ಮಗಳಿದ್ದಾಳಲ್ಲ, ಆಗ ನೋಡ್ಕೊಂಡು ಪ್ರಿಂಟ್ ಮಾಡ್ಸಿ” ಅನ್ನುತ್ತಾರೆ.

ಇಂಥ ಮನುಷ್ಯನಿಗೇ ಯಾರಾದರೂ ಮಾರ್ಕ್ಸ್ ಕಮ್ಮಿ ಕೊಟ್ಟರೆ ಹೇಗಿರುತ್ತದೆ, ಹೇಳಿ?

ಮಾವನ ಕಿರಿಮಗಳು ತುಮಕೂರಿನಲ್ಲಿ ಹೊಲಿಗೆ ಅಂಗಡಿ ಹಾಕಲು ಹೊರಟಿದ್ದಳು. ಮಳಿಗೆಗೆ ಅಡ್ವಾನ್ಸ್ ಕೊಟ್ಟಾಗಿತ್ತು. ಮೆಷಿನ್ನುಗಳಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ಅಪ್ಪನ ಜಾಮೀನು. ಬ್ಯಾಂಕಿನವರು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರಂತೆ.

“ಮೇಷ್ಟ್ರೇ, ನಿಮ್ ಕ್ರೆಡಿಟ್ ಸ್ಕೋರ್ ಸಾಲ್ದು. ಐನೂರ ಎಂಬತ್ತು ಬಂದೈತೆ.”

“ಎಷ್ಟಕ್ಕೆ?”

“ಒಂಬೈನೂರಕ್ಕೆ.”

ಮಾವ ಅಲ್ಲೇ ಮನಸ್ಸಿನಲ್ಲಿ ಭಾಗಿಸಿದರು. “ಅರವತ್ತನಾಲ್ಕು ಪರ್ಸೆಂಟು! ಫಸ್ಟ್ ಕ್ಲಾಸ್ ಕಣ್ರೀ! ಇದಕ್ಕೂ ಸೀಟ್ ಇಲ್ಲ ಅಂದ್ರೆ ಹೆಂಗೆ?”

ಫಸ್ಟ್ ಕ್ಲಾಸಿಗೂ ಸಾಲ ಸಿಗಲಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡು ಕೂತಳು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಅನ್ನುವ ಒಂದೇ ಕಾರಣಕ್ಕೆ ನಮ್ಮ ವಂಶಕ್ಕೆಲ್ಲ ನಾನೇ ತಜ್ಞ. ಹೋಗಿ ಮಾವನ ಕ್ರೆಡಿಟ್ ರಿಪೋರ್ಟ್ ತೆಗೆಸಿದೆ. ಒಬ್ಬ ಮನುಷ್ಯ ತೆಗೆದುಕೊಂಡ ಸಾಲ, ಕಟ್ಟಿದ ಕಂತು ಎಲ್ಲದರ ಜಾತಕ ಅದು. ಮಾವ ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದರು.

ಮೊದಲನೇ ಸಾಲಿನಲ್ಲೇ ಮಾವ ಹೆಂಗಸಾಗಿದ್ದರು! ಒಳಗಿನಿಂದ ಅತ್ತೆ ಇಣುಕಿ, “ಅಯ್ಯೋ ಶಿವನೇ, ಮದ್ವೆಯಾಗಿ ಮೂವತ್ತೆಂಟ್ ವರ್ಷ ಆಯ್ತು, ನಂಗೊಬ್ರೂ ಹೇಳ್ಲಿಲ್ವಲ್ಲ!” ಅಂದರು. ಎರಡನೇ ಸಾಲಿನಲ್ಲಿ ಮಾವ ತಮ್ಮ ಅಪ್ಪನಿಗಿಂತ ಹನ್ನೊಂದು ವರ್ಷ ಮುಂಚೆ ಹುಟ್ಟಿದ್ದರು. ಇವೆರಡನ್ನೂ ಮಾವ ಸಹಿಸಿಕೊಂಡರು. ಮೂರನೆಯದರ ಕೆಳಗೆ ಮಾತ್ರ ಎರಡೆರಡು ಗೆರೆ ಎಳೆದರು.

ಕುಣಿಗಲ್ಲಿನ ಸಿದ್ದಣ್ಣ ಮಾವನ ಹಳೇ ಗೆಳೆಯ. ಏಳು ವರ್ಷದ ಹಿಂದೆ ಗೂಡ್ಸ್ ಆಟೋ ಕೊಳ್ಳಲು ತುಮಕೂರಿನ ಫೈನಾನ್ಸ್ ಒಂದರಲ್ಲಿ ಸಾಲ ಮಾಡಿದಾಗ ಮಾವ ಜೊತೆಗೆ ಸಹಿ ಹಾಕಿದ್ದರು. ಆ ಸಾಲ ಪೈಸೆ ಬಿಡದೆ ತೀರಿತ್ತು, ತೀರಿದ್ದಕ್ಕೆ ಪತ್ರವೂ ಮಾವನ ಬೀರುವಿನಲ್ಲಿತ್ತು. ರಿಪೋರ್ಟಿನಲ್ಲಿ ಮಾತ್ರ ‘ಬಾಕಿ ಇದೆ’ ಅಂತ ಬರೆದಿತ್ತು.

ಮಾವ ಇಡೀ ರಿಪೋರ್ಟು ತಿದ್ದಿ, ಕೊನೆಯಲ್ಲಿ ‘ಮತ್ತೆ ಬರೆದು ತರುವುದು’ ಎಂದು ಷರಾ ಹಾಕಿ, ಅದನ್ನು ತಯಾರಿಸಿದ ಕಂಪನಿಗೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿಯೇಬಿಟ್ಟರು. ಕಂಪನಿಯವರು ಇವತ್ತಿಗೂ ಬರೆದು ತಂದಿಲ್ಲ.

ಕೊನೆಗೆ ನಾನೇ ಆನ್‌ಲೈನಿನಲ್ಲಿ ತಕರಾರು ಹಾಕಲು ಕೂತೆ. ಅಲ್ಲೊಂದು ಪಟ್ಟಿ: ವಿವರ ತಪ್ಪಾಗಿದೆ, ಬಾಕಿ ತಪ್ಪಾಗಿದೆ, ಈ ಸಾಲ ನನ್ನದೇ ಅಲ್ಲ. ನನಗೊಂದು ಕುತಂತ್ರ ಹೊಳೆಯಿತು.

“ಮಾವ, ಹೆಂಗೂ ಇದ್ರಲ್ಲಿ ನೀವು ಹೆಂಗ್ಸು, ನೂರು ದಾಟಿದ ಮುದುಕಿ. ‘ಸಾಲ ನಂದಲ್ಲ’ ಅಂತ ಒತ್ತಿಬಿಡ್ಲಾ? ಬೇಗ ಮುಗಿಯುತ್ತೆ.”

“ಏನ್ಲಾ ಅಂದೆ? ಸೈನ್ ನಂದು ಕಣೋ! ಉತ್ತರ ಬರ್ಲಿ ಅಂತ ಲೆಕ್ಕ ತಪ್ಪು ಬರೀತೀಯಾ? ನಿಂಗೆ ಪಾಠ ಹೇಳಿದ್ ಮೇಷ್ಟ್ರು ಯಾರ್ಲಾ?”

ನನಗೆ ಪಾಠ ಹೇಳಿದ ಮೇಷ್ಟ್ರು ಅವರೇ! ಸುಮ್ಮನೆ ‘ಬಾಕಿ ತಪ್ಪಾಗಿದೆ’ ಒತ್ತಿದೆ.

ತಿಂಗಳೊಳಗೆ ಉತ್ತರ ಬಂತು. ಲಿಂಗ, ಹುಟ್ಟಿದ ದಿನ ಸರಿಪಡಿಸಿದ್ದರು. ಸಾಲದ ಬಗ್ಗೆ ಮಾತ್ರ, ಬಾಕಿ ಇರುವುದು ನಿಜವೆಂದು ಫೈನಾನ್ಸಿನವರೇ ಹೇಳಿದ್ದಾರೆ ಎಂದಿತ್ತು. ಅಂದರೆ ನಮ್ಮ ಮಾವ ಈಗ ಅಧಿಕೃತವಾಗಿ ಗಂಡಸು, ಆದರೆ ಸಾಲ ತೀರಿಸದ ಗಂಡಸು!

ಅತ್ತ ಮಳಿಗೆಯವನು, “ಈ ತಿಂಗ್ಳು ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ತೀನಮ್ಮ” ಅಂದಿದ್ದ. ಮಾವ ಬೀರುವಿನ ಪತ್ರ, ಕಂತಿನ ರಸೀದಿಗಳ ಕಟ್ಟು ಎತ್ತಿಕೊಂಡು ನನ್ನನ್ನೂ ಎಳೆದುಕೊಂಡು ತುಮಕೂರಿನ ಫೈನಾನ್ಸಿಗೆ ಹೊರಟರು.

ಕೌಂಟರಿನಲ್ಲಿದ್ದ ಹುಡುಗಿ, “ಸಿಸ್ಟಮ್‌ನಲ್ಲಿ ಹಂಗೇ ತೋರಿಸ್ತಿದೆ ಸರ್” ಅಂದಳು.

“ಕರೀರಿ ಅವ್ರನ್ನ, ನಾನ್ ಮಾತಾಡ್ತೀನಿ.”

“ಯಾರನ್ನ ಸರ್?”

“ಅದೇ, ಸಿಸ್ಟಮ್ನ!”

ಸಿಸ್ಟಮ್ ಬದಲು ಮ್ಯಾನೇಜರ್ ಬಂದರು. ಮಾವ ರಸೀದಿಗಳನ್ನು ಕ್ರಮವಾಗಿ ಜೋಡಿಸಿ, “ಕೂಡಿ. ಜೋರಾಗಿ ಹೇಳ್ಕೊಂಡು ಕೂಡಿ” ಅಂದರು. ಮ್ಯಾನೇಜರ್ ಯಾಕೆ ಕೂಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದನಿ ಹಾಗಿತ್ತು! ಹಿಂದೆ ಸರತಿಯಲ್ಲಿದ್ದವರೂ ದನಿಗೂಡಿಸಿದರು. ಮೊತ್ತ ಸಾಲಕ್ಕೆ ಸರಿಯಾಗಿ ತಾಳೆಯಾಯಿತು. ತೀರುವಳಿ ಪತ್ರ ಕೊಟ್ಟವರು, ಸಾಲ ಮುಗಿಯಿತೆಂದು ರಿಪೋರ್ಟ್ ಮಾಡುವವರಿಗೆ ತಿಳಿಸುವುದನ್ನೇ ಮರೆತಿದ್ದರು. ಮ್ಯಾನೇಜರ್ ಕೈಮುಗಿದು, ಅಲ್ಲೇ ಬರೆದು ಕಳಿಸಿದರು.

ಮೂರು ವಾರಕ್ಕೆ ಹೊಸ ರಿಪೋರ್ಟು. ‘ಸಾಲ ಮುಕ್ತಾಯ’. ಸ್ಕೋರು ಏಳುನೂರ ಹತ್ತು. “ಡಿಸ್ಟಿಂಕ್ಷನ್!” ಎಂದು ಮಾವ ಓಣಿಗೆಲ್ಲ ಕೇಳುವಂತೆ ಕೂಗಿದರು. ಬ್ಯಾಂಕು ಒಪ್ಪಿತು, ಮಗಳ ಮೆಷಿನ್ನುಗಳು ಬಂದವು.

ಆದರೆ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ನಡುವೆ ಮೂರು ತಿಂಗಳು ಕಂತು ತಡವಾಗಿದೆ ಎಂದಿತ್ತು. “ಮಾವ, ಇದಕ್ಕೂ ತಕರಾರು ಹಾಕಣ. ರ‍್ಯಾಂಕೇ ಬರುತ್ತೆ.”

“ಬುಡು. ಅದು ಸರಿಯಾಗೈತೆ” ಎಂದು ಕಾಗದ ಮಡಿಸಿಬಿಟ್ಟರು. ತಕರಾರು ಬೇಡವೆನ್ನುವ ಮಾವನನ್ನು ನಾನು ಅವತ್ತೇ ನೋಡಿದ್ದು.

ಭಾನುವಾರ ರಿಪೋರ್ಟಿನ ಪ್ರತಿ ಕೊಡಲು ಕುಣಿಗಲ್ಲಿಗೆ ಹೋದೆವು. ಸಿದ್ದಣ್ಣ ಅದನ್ನು ಓದುತ್ತಾ ಆ ಮೂರು ತಿಂಗಳ ಹತ್ತಿರ ಬೆರಳು ನಿಲ್ಲಿಸಿದರು.

“ಇದು ನನ್ನಿಂದ ಆಗಿದ್ದು ಕಣಪ್ಪ” ಎಂದು ನನಗೆ ಹೇಳಿದರು. “ಆಗ ನಮ್ಮನೆಯವಳು ಆಸ್ಪತ್ರೇಲಿದ್ಲು. ಅರ್ಧ ಮೈ ಬಿದ್ದೋಗಿತ್ತು. ಆದ್ರೂ ಮೇಷ್ಟ್ರ ಹೆಸ್ರು ಕೆಡ್ಬಾರ್ದು ಅಂತ ಕಂತಿನ್ ದುಡ್ ಹಿಡ್ಕಂಡು ಗುಬ್ಬಿಗೆ ಹೋದೆ. ಮೇಷ್ಟ್ರು ಬೈದು ವಾಪಸ್ ಕಳಿಸುದ್ರು. ಮೊದ್ಲು ಆಸ್ಪತ್ರೆಗೆ ಕಟ್ಟು, ನನ್ ಹೆಸ್ರು ಏನಾರ ಆಗ್ಲಿ ಅಂದ್ರು.”

ನಾನು ಮಾವನ ಕಡೆ ತಿರುಗಿದೆ. ಅವರಿಗೆ ನಮ್ಮ ಮಾತು ಕೇಳಿಸಿದಂತಿರಲಿಲ್ಲ. ಅಡುಗೆಮನೆ ಬಾಗಿಲನ್ನೇ ನೋಡುತ್ತಿದ್ದರು. ಸಿದ್ದಣ್ಣನ ಹೆಂಡತಿ ತಟ್ಟೆಯಲ್ಲಿ ಮೂರು ಲೋಟ ಕಾಫಿ ಇಟ್ಟುಕೊಂಡು, ಒಂದೊಂದೇ ಹೆಜ್ಜೆಯಾಗಿ ಬರುತ್ತಿದ್ದರು.

ಮಾವ ನನ್ನ ತೊಡೆ ತಟ್ಟಿ, ಎಂದೂ ಕೇಳದಷ್ಟು ಮೆತ್ತಗಿನ ದನಿಯಲ್ಲಿ ಹೇಳಿದರು:

“ನೋಡ್ದೇನ್ಲಾ? ಗೋಡೆ ಹಿಡ್ಕಳ್ದೇನೇ ನಡೀತಾವ್ಳೆ.”