ಜರ್ಮನ್ ಅತಿಥಿಗೆ ಬಡಿಸಿದ ಆವಕಾಯಿ

ನನಗೆ ಜರ್ಮನ್ ಬರುತ್ತಿತ್ತು. ಈಗಲೂ ಎದೆ ತಟ್ಟಿ ಹೇಳುತ್ತೇನೆ, ಬರುತ್ತಿತ್ತು! ಎಪ್ಪತ್ತರ ದಶಕ. ಮಾಲೂರಿನ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ಅಂಚೆಯ ಮೂಲಕ ಆರು ತಿಂಗಳು ಜರ್ಮನ್ ಕಲಿತಿದ್ದೆ, ಕೈಯಲ್ಲೊಂದು ಇಂಗ್ಲಿಷ್-ಜರ್ಮನ್ ನಿಘಂಟೂ ಇತ್ತು. ಹೊಸ ಯಂತ್ರ ಕೂಡಿಸಲು ಜರ್ಮನಿಯಿಂದ ಇಂಗ್ಲಿಷ್ ಬಾರದ ಇಂಜಿನಿಯರ್ ಬಂದಾಗ ಮಾಲೀಕರು, "ಇವರನ್ನ ಚೆನ್ನಾಗಿ ನೋಡ್ಕೊಳ್ಳಿ, ಭಾಷಾಂತರಕಾರನ ಕೆಲಸ ನಿಮ್ಗೇ ಕಣ್ರೀ" ಎಂದರು. ಹದಿನೈದು ವರ್ಷ ಟೈಪ್ ಕುಟ್ಟಿದವನಿಗೆ ಇನ್ನೇನು ಬೇಕು! ಅತಿಥಿಯನ್ನು ಮಾರನೆಯ ದಿನವೇ ಊಟಕ್ಕೆ ಕರೆದೆ.

ನನ್ನ ಹೆಂಡತಿ ಶ್ರೀನಿವಾಸಪುರದವಳು. ಪದ್ಧತಿಯಂತೆ ಎಲೆಯ ತುದಿಗೆ ಮೊದಲು ಉಪ್ಪು, ತವರಿನ ಮಾವಿನ ಆವಕಾಯಿ ಬಡಿಸಿದಳು. ಅನ್ನ ಇನ್ನೂ ಒಲೆಯ ಮೇಲಿತ್ತು. ಇದೇನು ಎಂಬಂತೆ ಅತಿಥಿ ಬೆರಳು ತೋರಿಸಿದರು. ನಿಘಂಟು ತೆರೆದೆ. ಉಪ್ಪಿನಕಾಯಿಗೆ ಇಂಗ್ಲಿಷಿನಲ್ಲಿ ಪಿಕಲ್, ಪಿಕಲ್‌ಗೆ ಜರ್ಮನ್‌ನಲ್ಲಿ ಎಸ್ಸಿಗ್‌ಗುರ್ಕೆ. ಗಂಭೀರವಾಗಿ ಘೋಷಿಸಿದೆ.

"ಖಾರ ಅಂತ್ಲೂ ಹೇಳ್ರೀ" ಎಂದಳು ಹೆಂಡತಿ.

"ಸುಮ್ನಿರೇ! ಎಲ್ಲಾ ಆ ಒಂದು ಪದದಲ್ಲೇ ಬಂತು."

ಆ ಪದ ಕೇಳಿದರೆ ಜರ್ಮನರ ಕಣ್ಣಮುಂದೆ ಬರುವುದು ಹುಳಿನೀರಿನಲ್ಲಿ ನೆನೆಸಿದ ಸೌತೆಕಾಯಿಯಂತೆ! ಖಾರವಿಲ್ಲ ಏನಿಲ್ಲ, ಕಚಕಚ ಅಗಿದು ತಿಂದುಬಿಡುತ್ತಾರಂತೆ. ಇದನ್ನು ನಿಘಂಟು ಬರೆದ ಮಹಾಶಯ ಒಂದು ಸಾಲಿನಲ್ಲಿ ಹೇಳಬಾರದಿತ್ತೇ? ಅವನಿಗೇನು ಕಾಗದಕ್ಕೆ ಬರವಿತ್ತೇ?

ಅತಿಥಿ ದೊಡ್ಡ ಹೋಳನ್ನು ಹಾಗೇ ಬಾಯಿಗಿಟ್ಟು ಅಗಿದರು. ಕಣ್ಣಲ್ಲಿ ನೀರು ಬಂತು.

"ನೋಡೇ, ಅವರಮ್ಮನ ನೆನಪಾಗಿರ್ಬೇಕು. ಇನ್ನೊಂದು ಹೋಳು ಹಾಕು!"

ಪಾಪ, ಮರ್ಯಾದಸ್ಥರು. ಬಡಿಸಿದ್ದನ್ನು ಬಿಡಬಾರದೆಂದು ಅದನ್ನೂ ತಿಂದರು. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಎದ್ದು ನಿಂತು ಏನೋ ಕೂಗತೊಡಗಿದರು. ನಾನು ಪುಟಗಳನ್ನು ತಿರುವಿದ್ದೇ ತಿರುವಿದ್ದು. ಆಗ ಹೊಳೆಯಿತು, ನನ್ನ ನಿಘಂಟಿನಲ್ಲಿ ಇಂಗ್ಲಿಷಿನಿಂದ ಜರ್ಮನ್‌ಗೆ ಮಾತ್ರ ದಾರಿ. ವಾಪಸು ಬರುವ ದಾರಿಯೇ ಇಲ್ಲ!

"ಅಯ್ಯಯ್ಯೋ ಪಾಪಂ! ನಿಮ್ ಪುಸ್ತಕಕ್ಕಿಷ್ಟು ಬೆಂಕಿ ಹಾಕ!" ಎನ್ನುತ್ತಾ ಹೆಂಡತಿ ಮಜ್ಜಿಗೆಯ ತಂಬಿಗೆಯನ್ನೇ ಅವರ ಕೈಗಿತ್ತಳು. ಆಮೇಲೆ ಮೊಸರನ್ನ ಕಲಸಿ ಹಾಕಿ, "ತಿನ್ನಪ್ಪಾ" ಎಂದಳು. ಅವರು ತಿಂದರು. "ಸಾಕಾ?" ಎಂದಳು. ಅವರು ಎಲೆ ಮುಂದಕ್ಕೆ ತಳ್ಳಿ ಇನ್ನಷ್ಟು ಹಾಕಿಸಿಕೊಂಡರು. ಇವಳಿಗೆ ಯಾವ ಅಂಚೆಯ ಪಾಠ ಬಂದಿತ್ತು, ಹೇಳಿ?

ಮರುದಿನ ಮಾಲೀಕರು ಕರೆದರು. ನಿಘಂಟನ್ನು ಮೇಜಿನೊಳಗೆ ಬಚ್ಚಿಟ್ಟು ಹೋದೆ.

"ಸಾಹೇಬ್ರಿಗೆ ಭಾಳ ಖುಷಿ ಕಣ್ರೀ. ಕೈಸನ್ನೇಲೇ ಎಲ್ಲಾ ಹೇಳಿದ್ರು. ಇಲ್ಲಿರೋಷ್ಟು ದಿನ ಊಟ ನಿಮ್ಮನೇಲೇ ಅಂತೆ."

"ಹಂಗಾದ್ರೆ ಭಾಷಾಂತರಕಾರನ ಕೆಲಸ, ಸಾರ್?"

"ಅದನ್ನೇ ಹೇಳ್ತಿದೀನಿ. ಅವ್ರು ಊಟ ಮುಗಿಸಿ ಬರೋವರ್ಗೂ ನೀವು ಆಫೀಸ್ ಬಿಟ್ಟು ಕದಲಬಾರ್ದಂತೆ!"

ಹದಿನೈದು ದಿನ ಅವರು ನನ್ನ ಮನೆಯಲ್ಲಿ ಉಂಡರು. ಜರ್ಮನ್ ಪಂಡಿತನಾದ ನಾನು ಕ್ಯಾಂಟೀನಿನಲ್ಲಿ ತಿಳಿಸಾರು ಕುಡಿದೆ.