ಒಬ್ಬರೇ ಕೂರುವ ವಿಮಾನದಲ್ಲಿ ನನ್ನ ತೂಕ

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಹಾರ್ಮೋನಿಯಂ ಕಲಿಯುತ್ತಾರೆ, ಕೆಲವರು ಮನೆಮಂದಿಗೆಲ್ಲ ಹಾಗಲಕಾಯಿ ರಸ ಕುಡಿಸುತ್ತಾರೆ. ನಾನು ವಿಮಾನ ಕಟ್ಟಲು ಹೊರಟೆ. ಗಾಬರಿಯಾಗಬೇಡಿ, ದೊಡ್ಡದಲ್ಲ, ಒಬ್ಬರೇ ಕೂರುವ ಮೋಟರ್‌ಗ್ಲೈಡರ್. ಪುಟ್ಟ ಎಂಜಿನ್ನಿನಿಂದ ಮೇಲೇರುವುದು, ಆಮೇಲೆ ಅದನ್ನು ಆರಿಸಿ ಉದ್ದನೆಯ ರೆಕ್ಕೆಗಳ ಮೇಲೆ ತೇಲುತ್ತಾ ಇಳಿಯುವುದು. ನನ್ನ ಲೆಕ್ಕದ ಪ್ರಕಾರ, ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ನೆತ್ತಿಯ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿ ಎಂಜಿನ್ ಆರಿಸಿದರೂ ಊರಿನ ಇನ್ನೊಂದು ತುದಿಯ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನವರೆಗೆ ತೇಲಿಕೊಂಡು ಬರಬಹುದು. "ಬರಬಹುದು ಖರೆ, ಇಳಿಯೂದು ಎಲ್ಲಿ? ಟೆರೇಸಿನ್ಯಾಗ ನನ್ನ ಹಪ್ಪಳದ ಮ್ಯಾಲೇನ್ರಿ?" ಎಂದಳು ಹೆಂಡತಿ ಶಶಿಕಲಾ. ಬೀದರಿನವಳು, ಮಾತು ನೇರ.

ಇಂಥ ವಿಮಾನದಲ್ಲಿ ಒಂದೊಂದು ಗ್ರಾಂ ಕೂಡ ಶತ್ರು. ಊರಾಚೆಯ ಬಾಡಿಗೆ ಶೆಡ್ಡಿನಲ್ಲಿ ಭಾನುವಾರವೆಲ್ಲ ಕೂತು ಬೋಲ್ಟುಗಳ ತುದಿ ಕತ್ತರಿಸಿದೆ, ಸೀಟಿನ ಮೆತ್ತೆ ಕಿತ್ತೆ, ಬಣ್ಣವನ್ನೂ ತೆಳ್ಳಗೆ ಬಳಿದೆ. ಈ ಆಯಾಸಕ್ಕೆ ವಾಪಸು ಬರುವ ದಾರಿಯಲ್ಲಿ ಬಿರಿಯಾನಿ ಬೇಕೇ ಬೇಕಲ್ಲ? "ವಿಮಾನದ್ದು ಎಲ್ಲಾ ಕೊರದ್ರಿ. ಒಳಗ ಕೂಡೂ ಸಾಮಾನು ಮಾತ್ರ ದಿನಾ ಬೆಳ್ಯಾಕತ್ತೈತಲ್ರಿ!" ಎಂದಳು ಶಶಿಕಲಾ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಕ್ಷೆ ಬರೆಯುವಾಗ ಚಾಲಕನಿಗೆ ಎಂಬತ್ತು ಕಿಲೋಗಿಂತ ಹೆಚ್ಚು ಬೇಡ ಎಂದು ನಾನೇ ಗೆರೆ ಎಳೆದಿದ್ದೆ. ನಮ್ಮ ಮದುವೆ ಫೋಟೋದಲ್ಲಿರುವವನು ಅದರಲ್ಲಿ ಆರಾಮಾಗಿ ಕೂರುತ್ತಿದ್ದ.

ನನಗಿದ್ದದ್ದು ಒಂದೇ ಆಸೆ. ಮೇಲೆ ಹೋಗಿ ಎಂಜಿನ್ ಆರಿಸಿ, ಆ ಮೌನದಲ್ಲಿ ಸ್ವಲ್ಪ ಹೊತ್ತು ಒಬ್ಬನೇ ಕೂರಬೇಕು. ಅದಕ್ಕಾಗಿಯೇ ಗ್ಲೈಡರ್ ಹಾರಿಸುವುದನ್ನೂ ಕಲಿತಿದ್ದೆ. ಮೊದಲ ಹಾರಾಟದ ದಿನ ಎಲ್ಲ ಪರೀಕ್ಷಿಸಲು ಬಂದ ಕ್ಯಾಪ್ಟನ್ ಸುಜಾತಾ, ಹೈದರಾಬಾದಿನಲ್ಲೇ ಬೆಳೆದ ಕನ್ನಡತಿ, ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ತೊಂಬತ್ತು ದಾಟಿತು. ಬೂಟು ಬಿಚ್ಚಿದೆ, ವಾಚು ತೆಗೆದೆ, ಉಸಿರನ್ನೂ ಹೊರಗೆ ಬಿಟ್ಟೆ. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

"ನಕ್ಕೋ ಸರ್, ಬ್ಯಾಡ. ನೀವು ಕುಂತ್ರ ಇದರ ಮೂತಿ ಕೆಳಗ ಬಗ್ಗತೈತಿ. ಇವತ್ತ ನಾನೇ ಹಾರಸ್ತೀನಿ," ಎಂದರು. ನನಗೆ ಅಳುವೇ ಬಂತು.

ಆಮೇಲೆ ಅವರು ಅದೇ ತೂಕದ ಯಂತ್ರ ಹತ್ತಿದರು. ಕಡ್ಡಿಯಂಥ ಹೆಣ್ಣುಮಗಳು, ಇರಬೇಕಾದ ಕನಿಷ್ಠ ತೂಕವೂ ಇಲ್ಲ! ಮುಂದೆ ಭಾರ ಸಾಲದಿದ್ದರೆ ಬಾಲ ಜಗ್ಗುತ್ತದೆ. ಅದನ್ನು ಸರಿದೂಗಿಸಲು ಸೀಟಿನ ಹತ್ತಿರ ಮರಳಿನ ಚೀಲ ಕಟ್ಟಬೇಕಾಯಿತು. ನಾನು ಇಷ್ಟು ದಿನ ಗ್ರಾಂ ಗ್ರಾಂ ಎಂದು ಕೊರೆದದ್ದೆಲ್ಲ ಒಂದೇ ಗಂಟಾಗಿ ಒಳಗೆ ಹೋಗಿ ಕೂತಿತು. ನನ್ನ ಹಾರಾಟ ನೋಡಲು ಬಂದಿದ್ದ ಶಶಿಕಲಾ ಚೀಲದ ಬಾಯಿ ಹೊಲಿದು, ಸ್ಕೆಚ್ ಪೆನ್ನಿನಿಂದ ಅದರ ಮೇಲೆ ನನ್ನ ಹೆಸರು ಬರೆದಳು. "ಇರ್ಲಿ ಬಿಡ್ರಿ, ನೀವೂ ಹೋದಂಗಾತು."

ವಿಮಾನ ಏರಿತು. ಎಂಜಿನ್ ಆರಿತು. ಸದ್ದಿಲ್ಲದೆ ನಮ್ಮ ತಲೆಯ ಮೇಲೆ ಸುತ್ತು ಹಾಕಿತು, ನನ್ನ ಕಣ್ಣು ತುಂಬಿತು. ಇಳಿದ ಕೂಡಲೇ ಓಡಿಹೋಗಿ ಹೇಗಿತ್ತೆಂದು ಕೇಳಿದೆ. "ಭಾಳ ಛಲೋ ಸರ್, ಚೀಲ ಒಂಚೂರೂ ಅಲುಗಾಡಲಿಲ್ಲ," ಎಂದರು ಕ್ಯಾಪ್ಟನ್. ಮನೆಗೆ ಬರುವಾಗ ಕಾರಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನದೇ ಹೆಸರಿನವನ ಮೇಲೆ ನನಗೆ ಅಷ್ಟು ಹೊಟ್ಟೆಕಿಚ್ಚು ಎಂದೂ ಆಗಿರಲಿಲ್ಲ.