ದೊಡ್ಡಮ್ಮನ ಐದನೆಯ ಗೊರಸು

ಮೆರವಣಿಗೆ ಕುದುರೆಗಳ ಇಲಾಖೆಯಲ್ಲಿ ಪ್ರತಿಯೊಂದು ಕುದುರೆಗೂ ಐದು ಗೊರಸುಗಳಿವೆ. ನಾಲ್ಕು ಕಾಲಲ್ಲಿ, ಒಂದು ಬಾಯಲ್ಲಿ. ಇದರಲ್ಲಿ ಆಶ್ಚರ್ಯಪಡುವವರು ಹೊರಗಿನವರು. ಅವರಿಗಾಗಿ ಈ ವಿವರಣೆ.

ಲಾಯದ ಮೇಲ್ವಿಚಾರಕನಿಗೆ ಉಳಿದ ಕುದುರೆಗಳೆಲ್ಲ ಒಂದು ತೂಕವಾದರೆ, ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಮುದಿ ಹೆಣ್ಣುಕುದುರೆಯೇ ಒಂದು ತೂಕ. ಅವಳು ಹುಲ್ಲನ್ನು ಅಗಿದಂತೆ ಮಾಡಿ ಉಂಡೆಯುಂಡೆಯಾಗಿ ಉಗುಳತೊಡಗಿದಾಗ ಅವನಿಗೂ ತುತ್ತು ಇಳಿಯದಾಯಿತು. ಪಕ್ಕೆಲುಬು ಕಾಣತೊಡಗಿದ ಮೇಲಂತೂ ಪಶುವೈದ್ಯೆಯ ಮನೆಗೇ ಓಡಿದ.

ಅವರು ಬಂದು ಬಾಯೊಳಗೆ ಮೊಣಕೈತನಕ ಕೈಯಿಟ್ಟು ನೋಡಿದರು. “ದವಡೆ ಹಲ್ಲು ಸಾಲು ತಪ್ಪಿವೆ ಕಣ್ರೀ. ಕುದುರೆ ಹಲ್ಲು ಬೆಳೀತಾನೇ ಇರುತ್ತೆ, ಸಮನಾಗಿ ಸವೀದೇ ಇದ್ರೆ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತೆ. ಅರ ಹಾಕಿ ಉಜ್ಜಿದ್ರೆ ತಿನ್ನೋಕೆ ಶುರುಮಾಡ್ತಾಳೆ.”

ಹಲ್ಲಿಗೆಂದೇ ಮಾಡಿದ ಉದ್ದ ಹಿಡಿಯ ಅರ ಅಲ್ಲೇ ಗೋಡೆಯಲ್ಲಿ ನೇತಾಡುತ್ತಿತ್ತು. ಆದರೆ ‘ಯಾವುದೇ ಅರವನ್ನು ಗೊರಸಿನ ಹೊರತು ಅನ್ಯ ಅಂಗಕ್ಕೆ ಸೋಕಿಸತಕ್ಕದ್ದಲ್ಲ’ ಎಂಬುದು ನಿಯಮ. ಹಿಂದೊಬ್ಬರು ಅಧಿಕಾರಿಗಳು ತಮ್ಮ ಕಾಲಿನ ಆಣಿ ಉಜ್ಜಿಕೊಂಡಂದಿನಿಂದ ಅದು ಜಾರಿಯಲ್ಲಿತ್ತು.

ಮೇಲ್ವಿಚಾರಕ ಇಲಾಖೆಯ ಸಾಹೇಬರ ಮುಂದೆ ಕೈಕಟ್ಟಿ ನಿಂತ.

“ಹಲ್ಲು ಬೆಳೆಯುತ್ತಾ?” ಎಂದರು ಸಾಹೇಬರು.

“ಬೆಳೆಯುತ್ತೆ ಸಾರ್.”

“ಗಟ್ಟಿ ಇದೆಯಾ?”

“ಕಲ್ಲಿನ ಹಾಗಿದೆ ಸಾರ್.”

“ಉಜ್ಜಿದರೆ ಸರಿಹೋಗುತ್ತಾ?”

“ಹೋಗುತ್ತೆ.”

“ಮತ್ಯಾಕ್ರೀ ಅದನ್ನ ಹಲ್ಲು ಅಂತ ಹಠ ಹಿಡೀತೀರಿ?”

ಕೂಡಲೇ ಆದೇಶ ಹೊರಟಿತು: ‘ಕುದುರೆಯ ಬಾಯಲ್ಲಿರುವುದನ್ನು ಇನ್ನು ಮುಂದೆ ಗೊರಸೆಂದು ಭಾವಿಸತಕ್ಕದ್ದು.’ ಪಶುವೈದ್ಯೆ ಉಜ್ಜಿದರು. ದೊಡ್ಡಮ್ಮ ಒಂದು ಹೊರೆ ಹುಲ್ಲು ಮುಗಿಸಿ, ಮೇಲ್ವಿಚಾರಕನ ಟೋಪಿಗೂ ಬಾಯಿಹಾಕಿದಳು. ಅವನು ಆನಂದದಿಂದ ಬಿಟ್ಟುಕೊಟ್ಟ.

ಮಾರನೆಯ ದಿನ ಐದನೆಯ ಲಾಳ ಬಂತು. ಗೊರಸಿದ್ದ ಮೇಲೆ ಲಾಳ ಇರಲೇಬೇಕಲ್ಲ! ಲಾಳ ಕಟ್ಟುವವನು ಸುತ್ತಿಗೆ ಹಿಡಿದು ದೊಡ್ಡಮ್ಮನ ಮೂತಿಯ ಮುಂದೆ ನಿಂತ.

“ಲೋ ಮಹರಾಯ, ಬಾಯಿಗೆ ಮೊಳೆ ಹೊಡೀತೀಯೇನೋ?” ಎಂದು ಮೇಲ್ವಿಚಾರಕ ಅಡ್ಡ ಬಂದ.

“ನಂದೇನಿದೆ ಅಣ್ಣಾ? ಮೊಳೇನೂ ಅವ್ರೇ ಕಳ್ಸಿದ್ದಾರೆ.”

ಮೇಲ್ವಿಚಾರಕ ಲಾಳ ಕಿತ್ತುಕೊಂಡು, ದಾರ ಪೋಣಿಸಿ ದೊಡ್ಡಮ್ಮನ ಕುತ್ತಿಗೆಗೆ ಕಟ್ಟಿಬಿಟ್ಟ. ತಪಾಸಣೆಗೆ ಬಂದ ಸಾಹೇಬರು ನಾಲ್ಕು ಕಾಲು ನೋಡಿದರು, ಕುತ್ತಿಗೆ ನೋಡಿದರು, ಐದೂ ಇವೆಯೆಂದು ಸಂತೋಷಪಟ್ಟು, “ಉಳಿದವೇನು ಪಾಪ ಮಾಡಿದ್ದವು?” ಎಂದು ಗದರಿದರು. ಅಂದಿನಿಂದ ಇಲಾಖೆಯ ಪ್ರತಿ ಕುದುರೆಯ ಹಲ್ಲೂ ಸಮ, ಪ್ರತಿ ಕುತ್ತಿಗೆಯಲ್ಲೂ ಲಾಳ.

ಮೊನ್ನೆ ಮೆರವಣಿಗೆಗೆ ಬೇರೆ ಊರಿನ ಕುದುರೆಯೊಂದು ನಾಲ್ಕೇ ಲಾಳದಲ್ಲಿ ಬಂದಿತ್ತು. ನೋಡಿದವರೆಲ್ಲ ಅಯ್ಯೋ ಎಂದರು. ಮೇಲ್ವಿಚಾರಕ ಅದನ್ನು ಬಿಸಿಲಲ್ಲಿ ನಡೆಸದೆ ನೆರಳಿಗೆ ಕಟ್ಟಿಸಿದ. ಪಶುವೈದ್ಯೆ ಹತ್ತಿರ ಹೋಗಿ, ಅದರ ಹಣೆ ಸವರಿ, ಕರೆತಂದವನನ್ನು ಮೆಲ್ಲಗೆ ಕೇಳಿದರು:

“ಹುಟ್ಟಿನಿಂದಲೇ ಹೀಗಾ?”